ಚಾನೆಲ್ ಯಾರ ದುಡ್ಡಲ್ಲಿ ನಡೆಯುತ್ತೆ ಅಂತಾನೂ ಬರೀರಿ

ಮಾನ್ಯ ಸಂಪಾದಕರೇ,

ಗಲ್ಫ್ ಸುದ್ದಿ ಬಂದಾಗೆಲ್ಲ ನಿಮ್ಮ ಪೇಪರಲ್ಲಿ ‘ಅಲ್ ಜಝೀರಾ ವರದಿ ಮಾಡಿದೆ’, ಇಲ್ಲಾಂದ್ರೆ ‘ಅಲ್ ಅರೇಬಿಯಾ ತಿಳಿಸಿದೆ’ ಅಂತಷ್ಟೇ ಇರುತ್ತೆ. ಆ ಟೀವಿ ಚಾನೆಲ್‌ಗಳು ಯಾರ ದುಡ್ಡಲ್ಲಿ ನಡೀತಿವೆ ಅಂತ ಒಂದು ಲೈನ್ ಸೇರಿಸಿ ಸಾರ್.

ನಮ್ದು ಹೊಳೆನರಸೀಪುರದ ಹತ್ರ ಹಳ್ಳಿ, ಮೂರು ಹಸು ಇದಾವೆ, ಎರಡೊತ್ತೂ ಡೇರಿಗೆ ಹಾಲು ಹಾಕ್ತೀವಿ. ಅಣ್ಣನ ಮಗ ಕತಾರಿನ ದೋಹಾದಲ್ಲಿ ಎಲೆಕ್ಟ್ರಿಷಿಯನ್. 2017ರ ಜೂನಲ್ಲಿ ಸೌದಿ, ಯುಎಇ, ಬಹ್ರೇನ್, ಈಜಿಪ್ಟ್ ಸೇರ್ಕೊಂಡು ಕತಾರ್ ಸಂಬಂಧ ಕಡ್ಕೊಂಡ್ರಲ್ಲ, ಆಗ ಅವನು ಒಂದು ಫೋಟೋ ಕಳಿಸಿದ್ದ, ಸೂಪರ್ ಮಾರ್ಕೆಟಲ್ಲಿ ಹಾಲಿಡೋ ಜಾಗ ಪೂರ್ತಿ ಖಾಲಿ, ಸೌದಿ ಗಡಿ ಮುಚ್ಚಿದ್ರು, ಹಾಲಿನ ಲಾರಿ ಆ ಕಡೆಯಿಂದಾನೇ ಬರ್ತಿದ್ದಿದ್ದು. ಆಮೇಲೆ ಇನ್ನೊಂದು ಫೋಟೋ, ಟರ್ಕಿ ಭಾಷೇಲಿ ಬರೆದಿರೋ ಹಾಲಿನ ಬಾಟಲಿ. ಹಾಲು ಕರೆಯೋರಿಗೆ ಅದನ್ನ ನೋಡಿ ಹೊಟ್ಟೆ ಚುರ್ ಅಂತು. ಆ ನಾಲ್ಕು ದೇಶ ಇಟ್ಟ 13 ಬೇಡಿಕೇಲಿ ಅಲ್ ಜಝೀರಾ ಮುಚ್ಚಬೇಕು ಅನ್ನೋದೂ ಒಂದು! ಚಾನೆಲ್ಲು ಬೇರೆ ಸರ್ಕಾರ ಬೇರೆ ಅಂತ ಪಕ್ಕದ ರಾಜರೇ ನಂಬಲಿಲ್ಲ ಅಂತಾಯ್ತು.

ನಂಬೋಕೂ ಆಗಲ್ಲ ಬಿಡಿ. 1996ರ ನವೆಂಬರಲ್ಲಿ ಅದು ಶುರುವಾಗಿದ್ದೇ ಕತಾರಿನ ಆಗಿನ ದೊರೆ ಹಮದ್ ಕೊಟ್ಟ ದುಡ್ಡಲ್ಲಿ. ಬಿಬಿಸಿಯವರು ಸೌದಿ ಕಂಪನಿ ಜೊತೆ ನಡೆಸ್ತಿದ್ದ ಅರಬ್ಬಿ ಟೀವಿ ಅದೇ ವರ್ಷ ಮುಚ್ಚೋಯ್ತು, ಅಲ್ಲಿದ್ದ ತುಂಬಾ ಪತ್ರಕರ್ತರು ದೋಹಾಕ್ಕೆ ಬಂದು ಅಲ್ ಜಝೀರಾ ಸೇರಿದ್ರು. ಅಲ್ ಜಝೀರಾಗೆ ಎದುರಾಳಿ ಥರ 2003ರಲ್ಲಿ ಬಂದಿದ್ದು ಅಲ್ ಅರೇಬಿಯಾ, ಅದನ್ನ ಶುರು ಮಾಡಿದ್ದು ಸೌದಿಯವರ ಟೀವಿ ಕಂಪನಿ ಎಂಬಿಸಿ.

ಹಂಗಂತ ಅವರು ತೋರಿಸೋದೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ. 2003ರಲ್ಲಿ ಬಾಗ್ದಾದಲ್ಲಿ ಅಲ್ ಜಝೀರಾ ವರದಿಗಾರ ತಾರೀಕ್ ಅಯ್ಯೂಬ್, 2022ರಲ್ಲಿ ಪ್ಯಾಲೆಸ್ತೀನಿನ ಜೆನಿನಲ್ಲಿ ಅದೇ ಚಾನೆಲ್ಲಿನ ಶಿರೀನ್ ಅಬು ಅಕ್ಲೆ, ಕೆಲಸ ಮಾಡ್ತಾ ಮಾಡ್ತಾನೇ ಜೀವ ಬಿಟ್ಟೋರು, ಅವರ ಬಗ್ಗೆ ಹಗುರವಾಗಿ ಮಾತಾಡೋಕೆ ನಂಗೆ ಬಾಯಿ ಬರಲ್ಲ. ಆದ್ರೆ 2011ರಲ್ಲಿ ಈಜಿಪ್ಟ್ ಗಲಾಟೆನ ಹಗಲೂ ರಾತ್ರಿ ತೋರಿಸಿದ ಅಲ್ ಜಝೀರಾದ ಅರಬ್ಬಿ ಚಾನೆಲ್ಲು ಪಕ್ಕದ ಬಹ್ರೇನಿನ ಜನ ಬೀದಿಗಿಳಿದಾಗ ಅಷ್ಟು ತೋರಿಸಲಿಲ್ಲ ಅನ್ನೋ ದೂರು ಆಗಲೇ ಎದ್ದಿತ್ತು. ಅಂಥದ್ದು ಅರ್ಥ ಆಗಬೇಕಂದ್ರೆ ನಮ್ಮಂಥ ಓದುಗರಿಗೆ ಮಾಲೀಕರು ಯಾರು ಅಂತ ಗೊತ್ತಿರಬೇಕಲ್ವಾ? ನಮ್ಮ ಕಡೆ ಮನೆಗೊಬ್ಬರು ಅಂದ್ರೂ ಗಲ್ಫಲ್ಲಿ ಇದಾರೆ, ಅಲ್ಲಿ ಏನಾದ್ರೂ ಆದ್ರೆ ರಾತ್ರಿಯೆಲ್ಲಾ ಫೋನ್ ಹಿಡ್ಕೊಂಡು ಕೂರೋದು ಅವರ ಮನೆಯೋರು.

‘ಕತಾರ್ ಸರ್ಕಾರದ ಹಣದಲ್ಲಿ ನಡೆಯುವ ಅಲ್ ಜಝೀರಾ’, ‘ಸೌದಿ ಒಡೆತನದ ಅಲ್ ಅರೇಬಿಯಾ’. ಇಷ್ಟು ಹಾಕಿದ್ರೆ ಸಾಕು.

— ಒಬ್ಬ ಓದುಗ, ಹೊಳೆನರಸೀಪುರ ತಾಲ್ಲೂಕು, ಹಾಸನ ಜಿಲ್ಲೆ