ಟವರ್ ಇಲ್ಲದಿದ್ದರೂ ಹಾಡು ಕೇಳಬಹುದು

ಸಂಪಾದಕರೇ,

ಮಳೆಗಾಲ ಶುರುವಾದರೆ ಸಾಕು, ಈ ಅಂಕಣಕ್ಕೆ ಕೊಡಗಿನಿಂದ ಬರುವ ಪತ್ರಗಳಲ್ಲಿ ಒಂದೇ ಗೋಳು: ಕರೆಂಟಿಲ್ಲ, ಟವರ್ ಇಲ್ಲ, ನೆಟ್ ಇಲ್ಲ. ಗೋಳು ಸುಳ್ಳಲ್ಲ. ತೋಟದ ಕಡೆ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. ಆದರೆ ನೆಟ್ ಇಲ್ಲ ಅಂತ ಹಾಡು ಕೇಳುವುದನ್ನೂ ಬಿಟ್ಟು ಕೂರುತ್ತಾರಲ್ಲ, ಅದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಮನೆಯೊಳಗಿನ ವೈಫೈಗೆ ಇಂಟರ್ನೆಟ್ ಬೇಕಾಗೇ ಇಲ್ಲ. ಹೊರಗೆ ಕೇಬಲ್ ತುಂಡಾಗಿ ಬಿದ್ದಿದ್ದರೂ, ರೂಟರ್‌ಗೆ ಕರೆಂಟ್ ಇದ್ದರೆ ಒಂದು ಕೋಣೆಯಲ್ಲಿರುವ ಹಾಡು ಇನ್ನೊಂದು ಕೋಣೆಗೆ ಬರುತ್ತದೆ.

ಇದನ್ನು ಹೇಳುವವರೇ ಕಡಿಮೆ. ವಿಚಾರಿಸಿದರೆ ಅಂಗಡಿಯವರು ಇನ್ನೂ ಸ್ಪೀಡಿನ ಪ್ಲಾನ್ ಹಾಕಿಸಿ ಅನ್ನುತ್ತಾರೆ. ಯಾಕೆ? ಸಿ.ಡಿ. ಗುಣಮಟ್ಟದ ಹಾಡಿಗೆ ಬೇಕಾಗುವುದು ಸೆಕೆಂಡಿಗೆ 1,411 ಕಿಲೋಬಿಟ್ ಅಷ್ಟೇ. ಅದನ್ನೇ ಫ್ಲ್ಯಾಕ್ ಅನ್ನುವ ಬಗೆಯ ಫೈಲಾಗಿ ಕುಗ್ಗಿಸಿಟ್ಟರೆ ಅದರ ಸುಮಾರು ಅರ್ಧ, ಸದ್ದಿನಲ್ಲಿ ಚೂರೂ ನಷ್ಟವಿಲ್ಲ. ಹಳೇ ರೂಟರ್‌ಗೂ ಇದೇನು ಭಾರವಲ್ಲ.

ಮೂಲೆಗೆ ಬಿದ್ದ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್, ಜೊತೆಗೊಂದು ಹಾರ್ಡ್ ಡಿಸ್ಕ್ ಇದ್ದರೆ ಆಯಿತು. 500 ಜಿಬಿಯಲ್ಲಿ ಫ್ಲ್ಯಾಕ್ ಮಾಡಿದ ಸಾವಿರ ಸಿ.ಡಿ. ಹಿಡಿಸುತ್ತದೆ. ಅದಕ್ಕೆ ನ್ಯಾವಿಡ್ರೋಮ್ ಅಥವಾ ಲಿರಿಯನ್ ಹಾಕಿಕೊಳ್ಳಿ. ಡಿಸ್ಕಿನ ಹಾಡನ್ನು ಮನೆಯ ವೈಫೈಯಲ್ಲಿ ಫೋನಿಗೆ ಕಳಿಸುವ ಸಾಫ್ಟ್‌ವೇರ್ ಇವು, ಎರಡೂ ಉಚಿತ. ಆಮೇಲೆ ಫೋನಿನಲ್ಲೇ ಹಾಡು ಆರಿಸಿ ಹೆಡ್‌ಫೋನ್ ಸಿಕ್ಕಿಸಿದರೆ ಮುಗಿಯಿತು. ಪೈಗೇ ನೇರವಾಗಿ ಹೆಡ್‌ಫೋನ್ ಹಾಕುವವರು ಅದರ ತೂತನ್ನು ನಂಬಬೇಡಿ, ಸದ್ದು ಅಷ್ಟಕ್ಕಷ್ಟೇ (2023ರ ಪೈ 5ರಲ್ಲಂತೂ ಆ ತೂತೇ ಇಲ್ಲ). ಒಂದು ಚಿಕ್ಕ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಹೆಡ್‌ಫೋನಿಗೆ ಬೇಕಾದ ಸಿಗ್ನಲ್ ಮಾಡಿಕೊಡುವ ಸಾಧನ) ತಗೊಳ್ಳಿ.

ಪೈ ಮತ್ತು ಡಿಸ್ಕ್ ಸೇರಿ ಹತ್ತು ವ್ಯಾಟ್ ಒಳಗೇ ಓಡುತ್ತವೆ, ಹಾಗಾಗಿ ಮನೆಯ ಇನ್ವರ್ಟರ್‌ಗೆ ಅದೇನೂ ಲೆಕ್ಕವಲ್ಲ. ಇನ್ವರ್ಟರ್ ಇಲ್ಲದವರು ಒಂದು ಚಿಕ್ಕ ಯುಪಿಎಸ್ ಆದರೂ ಇಡಲೇಬೇಕು. ಕರೆಂಟ್ ಪದೇ ಪದೇ ಥಟ್ಟನೆ ಹೋದರೆ ಪೈ ಒಳಗಿನ ಮೆಮೊರಿ ಕಾರ್ಡ್ ಕೆಡುತ್ತದೆ. ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ ಇನ್ನೊಂದು ತಲೆನೋವು. ಅಲ್ಲಿ ವೈಫೈಯ 5 ಗಿಗಾಹರ್ಟ್ಸ್ ಬ್ಯಾಂಡ್ ಬಿಟ್ಟು, ಗೋಡೆಯನ್ನು ಹೆಚ್ಚು ಚೆನ್ನಾಗಿ ದಾಟುವ 2.4ಕ್ಕೆ ಬನ್ನಿ. ಅದಕ್ಕೂ ಬಗ್ಗದಿದ್ದರೆ ಲ್ಯಾನ್ ಕೇಬಲ್ ಎಳೆಯಿರಿ, 100 ಮೀಟರ್‌ವರೆಗೆ ತೊಂದರೆಯಿಲ್ಲ. ಏಪ್ರಿಲ್, ಮೇ ಗುಡುಗಿಗೆ ಮಾತ್ರ ಎಲ್ಲದರ ಪ್ಲಗ್ ಕಿತ್ತಿಡಿ.

ಇನ್ನು ಹೆಡ್‌ಫೋನ್. ಹಿಂಬದಿ ತೆರೆದಿರುವ ಓಪನ್ ಬ್ಯಾಕ್ ಚೆನ್ನಾಗಿರುತ್ತದೆ ಅಂತ ಎಲ್ಲರೂ ಹೊಗಳುತ್ತಾರೆ, ನಿಜ ಕೂಡ. ಆದರೆ ಕಕ್ಕಡದ (ಜುಲೈ-ಆಗಸ್ಟ್ ಸುಮಾರಿಗೆ ಬರುವ ಕೊಡವ ತಿಂಗಳು) ಮಳೆ ಶೀಟಿನ ಮೇಲೆ ಹೊಡೆಯುವಾಗ ಅದರಲ್ಲಿ ಹಾಡಿಗಿಂತ ಮಳೆಯೇ ಜಾಸ್ತಿ ಕೇಳುತ್ತದೆ! ಇಲ್ಲಿಗೆ ಕಿವಿ ಪೂರ್ತಿ ಮುಚ್ಚುವ ಕ್ಲೋಸ್ಡ್ ಬ್ಯಾಕ್ ಸರಿ. ಮಳೆಯ ಜೊತೆ ಪೈಪೋಟಿಗೆ ಬಿದ್ದು ವಾಲ್ಯೂಮ್ ಏರಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ಕಿವಿಯ ಮೆತ್ತೆಗೂ ಬೆಲ್ಟು, ಚಪ್ಪಲಿಗೆ ಹಿಡಿದ ಹಾಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬಿಯಲ್ಲಿಡಿ.

ಇಷ್ಟೆಲ್ಲ ಯಾಕೆ ಅಂದರೆ, ನಮ್ಮ ಮನೆಗಳಲ್ಲಿ ಹುತ್ತರಿಗೆ, ಮದುವೆಗೆ ದುಡಿ ಬಡಿದು ಹಾಡಿದ ಬಾಳೋಪಾಟ್ (ಕೊಡವರ ಸಾಂಪ್ರದಾಯಿಕ ಹಾಡು) ಕ್ಯಾಸೆಟ್‌ಗಳು ಕಪಾಟಿನಲ್ಲೇ ಉಳಿದಿವೆ. ಮನೆಯವರೇ ಟೇಪ್ ಮಾಡಿಕೊಂಡ ಅಂಥ ಹಾಡು ಯಾವ ಆ್ಯಪ್‌ನಲ್ಲಿ ಸಿಗುತ್ತದೆ ಹೇಳಿ? ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವಯರ್ ಕೊಟ್ಟು ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಅವೂ ಫೋನಿಗೆ ಬರುತ್ತವೆ.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ವಾರವಾರವೂ ಹೊಸ ಫೋನಿನ ಸುದ್ದಿಯೇ. ಒಂದು ವಾರ ಅದನ್ನು ಬಿಟ್ಟು, ಇದನ್ನು ಚಿತ್ರ ಸಮೇತ ಹಂತಹಂತವಾಗಿ ಹಾಕಿ. ಹಾಗೇ, ಬೂಷ್ಟು ಹಿಡಿದ ಕ್ಯಾಸೆಟ್ ತೊಳೆದುಕೊಡುವವರು ಮಡಿಕೇರಿಯಲ್ಲೋ ಮೈಸೂರಿನಲ್ಲೋ ಯಾರಾದರೂ ಇದ್ದರೆ, ಗೊತ್ತಿರುವ ಓದುಗರು ದಯವಿಟ್ಟು ಇಲ್ಲೇ ಬರೆಯಿರಿ.

— ಒಬ್ಬ ಓದುಗ, ಸೋಮವಾರಪೇಟೆ ತಾಲ್ಲೂಕು