ಲೋಗೊದಲ್ಲಿ ಕನ್ನಡಕ್ಕೆ ಮೊದಲೇ ಜಾಗ ಇಡಿ

ಸಂಪಾದಕರಿಗೆ,

ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತಲ್ಲ, ಅದಾದ ಮೇಲೆ ಲೋಗೊ, ವಿಸಿಟಿಂಗ್ ಕಾರ್ಡ್ ಮಾಡುವ ನನ್ನಂಥವರ ಹತ್ತಿರ ಬರುವವರು ಒಂದೇ ಮಾತು ಹೇಳುತ್ತಾರೆ: ‘ಲೋಗೊ ಇಂಗ್ಲಿಷಲ್ಲಿ ರೆಡಿ ಇದೆ, ಕನ್ನಡ ಒಂದು ಸೇರಿಸಿಕೊಡಿ ಸಾಕು.’

ಸೇರಿಸುವುದೇನೋ ಸುಲಭ. ಆದರೆ ಚೆಂದ ಕಾಣುವುದಿಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆ ನಡುವೆ ನೀಟಾಗಿ ಕೂರುತ್ತವೆ. ಅದೇ ಪಟ್ಟಿಯೊಳಗೆ ‘ಶ್ರೀ ಲಕ್ಷ್ಮೀ ಸ್ಟೋರ್ಸ್’ ಬರೆಯಿರಿ ನೋಡೋಣ. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು, ಅದೂ ‘ಲಕ್ಷ್ಮೀ’ಯಲ್ಲಿ ಒಂದಲ್ಲ ಎರಡು. ಅಷ್ಟನ್ನೂ ತುರುಕಲು ಅಕ್ಷರ ಕುಗ್ಗಿಸಬೇಕು. ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರದ ಕಾರ್ಡಿನಲ್ಲಿ ಹಾಗೆ ಕುಗ್ಗಿದ ಕನ್ನಡ ಓದಲು ಭೂತಗನ್ನಡಿಯೇ ಬೇಕು. ಅಂಚಿಗೆ ಹತ್ತಿರ ಇಟ್ಟರೆ ಕಟಿಂಗ್‌ನಲ್ಲಿ ಒತ್ತೇ ಹಾರಿಹೋಗುತ್ತದೆ.

ಫೈಲಿನ ಗೋಳು ಬೇರೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು, ಆ ಫಾಂಟ್ ಇಲ್ಲದ ಪ್ರೆಸ್ಸಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಈಗ ಮೊಬೈಲಿನಲ್ಲೂ ಬಳಸುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಫೋಟೊಶಾಪ್‌ಗೆ ಹಾಕಿದಾಗ, ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಡಿಸೈನರ್‌ಗೆ ಕನ್ನಡ ಬರದಿದ್ದರೆ ತಪ್ಪು ಕಾಣುವುದೂ ಇಲ್ಲ, ಹಾಗೇ ಪ್ರಿಂಟಿಗೆ ಹೋಗುತ್ತದೆ. ನಾಮಫಲಕಗಳಲ್ಲಿ ಇಂಥವು ದಿನಾ ಕಾಣುತ್ತವೆ ಅಲ್ವಾ? ಅದಕ್ಕೇ ಕೊನೆಯ ಫೈಲನ್ನು ಕರ್ವ್ಸ್ ಮಾಡಿಸಿಯೇ, ಅಂದರೆ ಫಾಂಟ್ ಇಲ್ಲದೆಯೂ ಹಾಗೇ ಕಾಣುವಂತೆ ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿಯೇ ಪ್ರೆಸ್ಸಿಗೆ ಕೊಡಬೇಕು.

ಕನ್ನಡದಲ್ಲಿ ಒಳ್ಳೆಯ ಫಾಂಟ್ ಎಲ್ಲಿವೆ ಅನ್ನುವುದು ಈಗ ಸುಮ್ನೆ ನೆಪ. ಬಾಲೂ ತಮ್ಮ, ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡ ಎಲ್ಲವೂ ಪುಕ್ಕಟೆ, ವ್ಯಾಪಾರಕ್ಕೂ ಬಳಸಬಹುದು. ಅನೇಕ್‌ನಲ್ಲಂತೂ ಕನ್ನಡ, ಇಂಗ್ಲಿಷ್ ಎರಡೂ ಒಂದೇ ಕೈಯ ಬರಹದಂತೆ ಹೊಂದುತ್ತವೆ. ದಪ್ಪ, ತೆಳು, ಅಗಲ ಬೇಕಾದ ಹಾಗೆ ಆರಿಸಿಕೊಳ್ಳಬಹುದು.

ಅಂಗಡಿಯವರೇ, ಮೊದಲ ದಿನವೇ ಹೆಸರನ್ನು ಕನ್ನಡದಲ್ಲಿ ಬರೆದುಕೊಡಿ. ಮೊದಲ ಸ್ಕೆಚ್ಚನ್ನೂ ಕನ್ನಡದಲ್ಲೇ ಕೇಳಿ, ಇಂಗ್ಲಿಷ್ ಆಮೇಲೆ ಹೊಂದಿಸಿಕೊಳ್ಳಬಹುದು. ಪ್ರಿಂಟಿಗೆ ಮುಂಚೆ ಮನೆಯಲ್ಲಿ ಯಾರಿಂದಾದರೂ ಪ್ರೂಫ್ ಓದಿಸಿ. ಎರಡು ಲಿಪಿಗೂ ಸರಿಯಾಗಿ ಕೆಲಸ ಮಾಡಿದರೆ ಚಾರ್ಜ್ ಸ್ವಲ್ಪ ಜಾಸ್ತಿ ಆಗುತ್ತದೆ, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

– ಒಬ್ಬ ಡಿಸೈನರ್, ಹುಬ್ಬಳ್ಳಿ