ಮಂಜು, 'ಬಾಯಿ ತಪ್ಪಿ ಬಂತು' ಅಂದರೆ ಮುಗಿಯಿತಾ?

ಪ್ರೀತಿಯ ಮಂಜು,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. "ಮಂತ್ರಿಗಳು ದಿನಕ್ಕೆ ಹತ್ತು ಕಡೆ ಮೈಕ್ ಮುಂದೆ ನಿಲ್ತಾರೆ, ಒಂದು ಮಾತು ಆಚೀಚೆ ಆಗುತ್ತೆ, ಅದಕ್ಕೆಲ್ಲ ರಾಜೀನಾಮೆ ಕೇಳೋದಾ?" ಅಂದೆ. ಜಗಳ ಬೇಡ ಅಂತ ಸುಮ್ಮನಾದೆ. ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಯಾಕಂದರೆ ನಿನ್ನ ಹಾಗೆ ಹೇಳುವ ಕಾರ್ಯಕರ್ತರು ಎಲ್ಲ ಪಕ್ಷದಲ್ಲೂ ಇದ್ದಾರೆ. ಬೇಜಾರು ಮಾಡ್ಕೋಬೇಡ.

ಮೊದಲಿಗೆ ಒಂದು ಮಾತು. ರಾಜೀನಾಮೆ ಮೇಲೆ ನನಗೂ ಅಂಥ ನಂಬಿಕೆ ಇಲ್ಲ. 2008ರ ನವೆಂಬರಿನಲ್ಲಿ ಮುಂಬೈ ದಾಳಿಗೆ 166 ಜನ ಸತ್ತಾಗ ಮಹಾರಾಷ್ಟ್ರದ ಗೃಹಮಂತ್ರಿ ಆರ್.ಆರ್. ಪಾಟೀಲರು ಪತ್ರಕರ್ತರ ಮುಂದೆ, ದೊಡ್ಡ ದೊಡ್ಡ ಊರುಗಳಲ್ಲಿ ಇಂಥದ್ದು ಒಂದೊಂದು ಆಗ್ತಾ ಇರುತ್ತೆ ಅನ್ನುವ ಅರ್ಥದಲ್ಲಿ ಮಾತಾಡಿದರು, ಅದೂ ಸಿನಿಮಾ ಡೈಲಾಗಿನ ಧಾಟಿಯಲ್ಲಿ. ಡಿಸೆಂಬರ್ 1ಕ್ಕೆ ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ವಿಲಾಸರಾವ್ ದೇಶಮುಖ್ ಸುಟ್ಟುಹೋದ ತಾಜ್ ಹೋಟೆಲ್ ನೋಡಲು ಹೋದಾಗ ಜೊತೆಯಲ್ಲಿ ನಟನಾದ ಮಗ ಇದ್ದ, ನಿರ್ದೇಶಕ ರಾಮ್ ಗೋಪಾಲ್ ವರ್ಮಾ ಇದ್ದರು. ಅವರ ಕುರ್ಚಿಯೂ ಹೋಯಿತು. ಮುಂದೇನಾಯಿತು? 2009ರಲ್ಲಿ ದೇಶಮುಖ್ ಕೇಂದ್ರ ಮಂತ್ರಿಯಾದರು. ಪಾಟೀಲರು ಅದೇ ವರ್ಷ ಚುನಾವಣೆ ಮುಗಿಸಿಕೊಂಡು ಬಂದು ಅದೇ ಗೃಹ ಖಾತೆಯಲ್ಲಿ ಕೂತರು.

ಅದೇ ದಾಳಿಯಲ್ಲಿ ಸತ್ತ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಲ್ಲಿ ಬೆಳೆದ ಹುಡುಗ, ಯಲಹಂಕದಲ್ಲಿ ಅವರ ಹೆಸರಿನ ರಸ್ತೆಯೇ ಇದೆ. ಸಾಂತ್ವನ ಹೇಳಲು ಮನೆಗೆ ಬಂದ ಕೇರಳದ ಮುಖ್ಯಮಂತ್ರಿ ಅಚ್ಯುತಾನಂದನ್ ಅವರನ್ನು ಮಗನನ್ನು ಕಳೆದುಕೊಂಡ ಸಿಟ್ಟಿನಲ್ಲಿದ್ದ ತಂದೆ ಆಚೆ ಹೋಗಿ ಅಂದರು. ಅದಕ್ಕೆ ಆ ಹಿರಿಯ ನಾಯಕ ಹೇಳಿದ್ದೇನು ಗೊತ್ತಾ, ಅದು ಸಂದೀಪ್ ಮನೆ ಆಗಿರದಿದ್ದರೆ ಒಂದು ನಾಯಿಯೂ ಆ ಕಡೆ ಹೋಗುತ್ತಿರಲಿಲ್ಲ ಅಂತ. ಆಮೇಲೆ ವಿಷಾದ ಹೇಳಿದರು. ಅವರ ಜೀವನವಿಡೀ ಹೋರಾಟವೇ. ಆದರೂ ಆ ಮಾತು ಬಂತಲ್ಲ, ಸಾವಿನ ಮನೆ ಬಾಗಿಲಲ್ಲೂ ತನಗೆ ಮರ್ಯಾದೆ ಸಿಗಲಿಲ್ಲ ಅನ್ನೋದೇ ದೊಡ್ಡದಾಗಿಬಿಟ್ಟಿತು.

ಈಗ ನಮ್ಮ ಊರಿಗೆ ಬಾ. 2016ರ ಡಿಸೆಂಬರ್ 31ರ ರಾತ್ರಿ ಎಂ.ಜಿ. ರೋಡ್, ಬ್ರಿಗೇಡ್ ರೋಡಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದರು ಅಂತ ದೊಡ್ಡ ಗಲಾಟೆ ಆಯಿತಲ್ಲ, ಆಗ ಗೃಹಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರು ಇಂಥದ್ದು ಆಗುತ್ತೆ ಅಂದು, ಪಾಶ್ಚಾತ್ಯರ ಹಾಗೆ ಬಟ್ಟೆ ಹಾಕುವುದರ ಬಗ್ಗೆಯೂ ಹೇಳಿದರು. 2025ರ ಏಪ್ರಿಲಿನಲ್ಲಿ ಸುದ್ದಗುಂಟೆಪಾಳ್ಯದ ಗಲ್ಲಿಯಲ್ಲಿ ಇಬ್ಬರು ಯುವತಿಯರು ನಡೆದು ಹೋಗುವಾಗ ಒಬ್ಬ ಬಂದು ಮೈಮೇಲೆ ಬಿದ್ದ, ಸಿಸಿಟಿವಿಯಲ್ಲಿ ಎಲ್ಲ ಕಾಣುತ್ತಿತ್ತು. ಗೃಹಮಂತ್ರಿ ಮತ್ತೆ ಅವರೇ. ಇಷ್ಟು ದೊಡ್ಡ ನಗರದಲ್ಲಿ ಅಲ್ಲೊಂದು ಇಲ್ಲೊಂದು ಆಗುತ್ತೆ ಅಂದರು. ಮಾರನೇ ದಿನ ನನ್ನ ಮಾತನ್ನು ತಿರುಚಿದ್ದಾರೆ, ಯಾರಿಗಾದರೂ ನೋವಾಗಿದ್ದರೆ ವಿಷಾದ ಅಂದರು. ಗಸ್ತು ಹೆಚ್ಚಿಸಿ ಅಂತಲೂ ಹೇಳಿದ್ದರು, ಪೊಲೀಸರು ಕೇರಳದ ತನಕ ಹೋಗಿ ಆ ಮನುಷ್ಯನನ್ನು ಹಿಡಿದೂ ತಂದರು, ಅದನ್ನು ಒಪ್ಪಬೇಕು. ಆದರೆ ಎಂಟು ವರ್ಷದ ಅಂತರದಲ್ಲಿ ಅದೇ ಖಾತೆ, ಅದೇ ಬಾಯಿ, ಹೆಚ್ಚೂಕಡಿಮೆ ಅದೇ ಮಾತು. ಬಾಯಿ ತಪ್ಪೋದು ಅಂದರೆ ಇದಾ?

ಇವರು ಕಾಂಗ್ರೆಸ್ಸಿನವರು ಅಂತ ನೀನು ಖುಷಿ ಪಡಬೇಡ. 2021ರ ಆಗಸ್ಟಿನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ ವಿದ್ಯಾರ್ಥಿನಿ ಮೇಲೆ ಅತ್ಯಾಚಾರ ಆದಾಗ ನಿಮ್ಮ ಬಿಜೆಪಿಯ ಗೃಹಮಂತ್ರಿ ಆರಗ ಜ್ಞಾನೇಂದ್ರ, ಆ ಹೊತ್ತಲ್ಲಿ ಅವರು ಅಲ್ಲಿಗೆ ಹೋಗಬಾರದಿತ್ತು ಅಂದರು. ಕಾಂಗ್ರೆಸ್ಸಿನವರು ನನ್ನ ಮೇಲೆ ಅತ್ಯಾಚಾರ ಮಾಡ್ತಿದ್ದಾರೆ ಅಂತ ಬೇರೆ. ಆಮೇಲೆ ಮಾತು ವಾಪಸ್ ತೆಗೆದುಕೊಂಡರು. ಅದೇ ವರ್ಷ ಕೋವಿಡ್ ಎರಡನೇ ಅಲೆಯಲ್ಲಿ, ಪಡಿತರ ಅಕ್ಕಿ ಕಡಿಮೆ ಮಾಡಿದ್ದನ್ನು ಫೋನ್ ಮಾಡಿ ಕೇಳಿದ ರೈತ ಕಾರ್ಯಕರ್ತನೊಬ್ಬ ಹಾಗಾದರೆ ನಾವು ಸಾಯಬೇಕಾ ಅಂದಾಗ, ಸತ್ತರೆ ಒಳ್ಳೇದು ಅಂತ ಆಹಾರ ಮಂತ್ರಿ ಉಮೇಶ ಕತ್ತಿ ಹೇಳಿದ್ದು ಆಡಿಯೋದಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು. ಅವರೀಗ ಇಲ್ಲ, ಜಾಸ್ತಿ ಹೇಳಲ್ಲ.

ನನಗೆ ಹೆದರಿಕೆ ಆಗೋದು ಮಂತ್ರಿಯ ಮನಸ್ಸಿನ ಬಗ್ಗೆ ಅಲ್ಲ ಮಾರಾಯ, ಅವರ ಕೈಕೆಳಗಿನ ಠಾಣೆಯ ಬಗ್ಗೆ. ಹುಡುಗಿಯೊಬ್ಬಳು ದೂರು ಕೊಡಲು ಹೋಗುತ್ತಾಳೆ ಅಂತಿಟ್ಟುಕೋ. ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸುತ್ತಾರೆ. ಆಮೇಲೆ ರೈಟರ್ ತಲೆ ಎತ್ತದೆ ಕೇಳುವ ಮೊದಲ ಪ್ರಶ್ನೆ, "ಆ ಹೊತ್ತಲ್ಲಿ ಅಲ್ಲಿಗ್ಯಾಕಮ್ಮ ಹೋಗಿದ್ದೆ?" ಎಫ್‌ಐಆರ್ ಯಾಕೆ ಸುಮ್ನೆ, ಕೋರ್ಟು ಅಲೆಯಬೇಕಾಗುತ್ತೆ, ಎನ್‌ಸಿಆರ್ ಮಾಡಿಕೊಡ್ತೀವಿ ಅನ್ನುತ್ತಾರೆ, ಅಂದರೆ ಕೇಸು ಹಾಕದೆ ದೂರನ್ನು ಬರೀ ಬರೆದಿಟ್ಟುಕೊಳ್ಳೋದು. ಇಲಾಖೆಯ ಯಜಮಾನನೇ ಟಿವಿಯಲ್ಲಿ ಅದೇ ಪ್ರಶ್ನೆ ಕೇಳಿದ ಮೇಲೆ ಆ ರೈಟರಿಗೆ ತಪ್ಪು ಅಂತ ಹೇಳುವವರು ಯಾರು? ಮಂತ್ರಿ ವಿಷಾದ ಹೇಳಿದ್ದು ಪೇಪರಿಗೆ ಬಂತು, ಠಾಣೆಗಳಿಗೆ ಸುತ್ತೋಲೆ ಹೋಯಿತಾ?

ಕೋರ್ಟು ನೋಡಿಕೊಳ್ಳುತ್ತೆ ಅಂತೀಯಾ? 2016ರಲ್ಲಿ ಉತ್ತರ ಪ್ರದೇಶದ ಬುಲಂದ್‌ಶಹರ್ ಹೆದ್ದಾರಿಯಲ್ಲಿ ತಾಯಿ ಮಗಳ ಮೇಲೆ ನಡೆದ ಅತ್ಯಾಚಾರವನ್ನು ಅಲ್ಲಿನ ಮಂತ್ರಿ ಆಜಂ ಖಾನ್ ರಾಜಕೀಯ ಪಿತೂರಿ ಅನ್ನುವ ಹಾಗೆ ಮಾತಾಡಿದ್ದರು. ಸಂತ್ರಸ್ತರ ಕುಟುಂಬ ಸುಪ್ರೀಂ ಕೋರ್ಟಿಗೆ ಹೋಯಿತು, ಆಜಂ ಖಾನ್ ಬೇಷರತ್ ಕ್ಷಮೆ ಕೇಳಿದರು. ಆದರೆ ಮಂತ್ರಿಯ ಮಾತಿಗೆ ಸರ್ಕಾರ ಹೊಣೆಯಾ ಅನ್ನುವ ಪ್ರಶ್ನೆ ಐದು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗಿ, 2023ರ ಜನವರಿ 3ರಂದು ತೀರ್ಪು ಬಂತು. ನಾಲ್ವರು ಇಲ್ಲ ಅಂದರು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮಾತ್ರ ಬೇರೆ ತೀರ್ಪು ಬರೆದರು. ಮಂತ್ರಿ ಅಧಿಕಾರದ ಸ್ಥಾನದಲ್ಲಿ ನಿಂತು ಆಡಿದ ಮಾತು, ಸರ್ಕಾರದ ನಿಲುವೂ ಅದೇ ಆಗಿದ್ದರೆ, ಸರ್ಕಾರದ ಮಾತೇ ಅಂತ ಅವರು ಹೇಳಿದರು. ಪಕ್ಷಗಳೇ ತಮ್ಮವರಿಗೆ ನೀತಿ ಸಂಹಿತೆ ಮಾಡಿಕೊಳ್ಳಲಿ ಅಂತಲೂ ಬರೆದರು. ನನಗೆ ಅವರ ತೀರ್ಪೇ ಸರಿ ಅನಿಸುತ್ತೆ, ಆದರೆ ನಡೆಯೋದು ನಾಲ್ವರದ್ದು.

ಅಂದರೆ ಉಳಿದಿರೋದು ಪಕ್ಷ, ಅಂದರೆ ನೀನು. ಎದುರಿನವರು ಬಾಯಿಬಿಟ್ಟರೆ ಹತ್ತು ನಿಮಿಷದಲ್ಲಿ ನಿನ್ನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ವಿಡಿಯೋ ಇರುತ್ತೆ. ನಿಮ್ಮವರು ಮಾತಾಡಿದರೆ ಅದು ಎಡಿಟ್ ಮಾಡಿದ ವಿಡಿಯೋ. ಹಾಗೆ ಮಾಡಬೇಡ. ನಿಮ್ಮ ಮಂಡಲ ಸಭೆಗೆ ದೊಡ್ಡವರು ಬಂದಾಗ, ಹಾರ ಶಾಲು ಎಲ್ಲ ಮುಗಿದ ಮೇಲೆ, ಎದ್ದು ನಿಂತು ಎರಡೇ ಪ್ರಶ್ನೆ ಕೇಳು: ಆ ಮಾತು ಪಕ್ಷದ್ದಾ ಅಥವಾ ಆ ವ್ಯಕ್ತಿಯದ್ದು ಮಾತ್ರವಾ? ಅವರದ್ದು ಮಾತ್ರ ಅಂದರೆ, ಅವರ ಮೇಲೆ ಏನು ಕ್ರಮ ಆಯಿತು? ಕೂಗಾಡಬೇಡ, ಹೆಸರು ಹಿಡಿದು ನಿಧಾನಕ್ಕೆ ಕೇಳು. ಕೂತ್ಕೋ ಅಂತಾರೆ, ಗೊತ್ತು. ಟಿಕೆಟ್ ಆಸೆ ಇದ್ದರೆ ಕಷ್ಟ ಅಂತಲೂ ಗೊತ್ತು. ಆದರೂ ಕೇಳಿ ನೋಡು, ಏನಂದ್ರು ಅಂತ ರಾತ್ರಿ ಫೋನ್ ಮಾಡು.

ಅಮ್ಮನಿಗೆ ಕೇಳಿದೆ ಅಂತ ಹೇಳು.

ನಿನ್ನ,
ಸುರೇಶ